‘ಅನ್‌ಆರ್ಮ್ಡ್’ ಎಂಬ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರುವ ಕ್ರಮ: ಅನುವಾದಕರಿಗೊಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಸುದ್ದಿ, ನ್ಯಾಯಾಲಯದ ಆದೇಶ, ಯಂತ್ರಗಳ ಕೈಪಿಡಿ, ಸಸ್ಯಶಾಸ್ತ್ರದ ಟಿಪ್ಪಣಿ ಮುಂತಾದವುಗಳನ್ನು ಕನ್ನಡಕ್ಕೆ ತರುವವರು ‘ಅನ್‌ಆರ್ಮ್ಡ್’ ಎಂಬ ಗುಣವಾಚಕದ ಬಳಿ ಪದೇ ಪದೇ ಎಡವುತ್ತಾರೆ. ನಿಘಂಟಿನಲ್ಲಿ ‘ನಿರಾಯುಧ’ ಎಂಬ ಒಂದು ಪದ ಸಿಕ್ಕ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಮನುಷ್ಯರ ವಿಷಯದಲ್ಲಿ ಈ ಇಂಗ್ಲಿಷ್ ಪದ ಹೇಳುವುದು ಒಂದೇ ಸಂಗತಿಯನ್ನು: ಆ ಹೊತ್ತಿನಲ್ಲಿ ಆಯುಧ ಇರಲಿಲ್ಲ. ಆದರೆ ಅನುವಾದದಲ್ಲಿ ಅದಕ್ಕೆ ‘ಅಮಾಯಕ’, ‘ಅಸಹಾಯಕ’, ‘ಶಾಂತಿಯುತ’ ಎಂಬ ಅರ್ಥಗಳು ತಾವಾಗಿ ಅಂಟಿಕೊಳ್ಳುತ್ತವೆ. ಇಲ್ಲವೇ ಸಂದರ್ಭ ಬೇಡುವ ನಿಖರತೆ ಕಳೆದುಹೋಗುತ್ತದೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಅನುಸರಿಸಬೇಕು. ಕನ್ನಡ ಪದವನ್ನು ಆರಿಸುವ ಕೆಲಸ ಐದನೆಯ ಹಂತದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಬಹುಪಾಲು ತಪ್ಪುಗಳು ಅಲ್ಲಿಂದಲೇ ಶುರುಮಾಡುವುದರಿಂದ ಆಗುವಂಥವು.

ಮೊದಲು ಜೊತೆಗಿಟ್ಟುಕೊಳ್ಳಬೇಕಾದವು

ಮೂಲದ ಇಡೀ ಪ್ರತಿ ನಿಮ್ಮ ಮುಂದಿರಬೇಕು. ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಮಾತ್ರ ಸಾಲದು, ಏಕೆಂದರೆ ಆಯುಧದ ವಿವರ ಸಾಮಾನ್ಯವಾಗಿ ವರದಿಯ ಕೆಳಭಾಗದಲ್ಲಿ ಪೊಲೀಸರ ಅಥವಾ ಕುಟುಂಬದವರ ಹೇಳಿಕೆಯಲ್ಲಿ ಬರುತ್ತದೆ. ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು, ಒಂದು ಕನ್ನಡ–ಕನ್ನಡ ನಿಘಂಟು ಇರಲಿ. ಇಂಗ್ಲಿಷ್–ಕನ್ನಡ ನಿಘಂಟನ್ನು ಕೊನೆಯಲ್ಲಿ ತೆರೆದರೆ ಸಾಕು.

ಹಂತ 1: ಪದವನ್ನು ಅಕ್ಷರ ಬಿಡದೆ ಓದಿ

ಹಾಸ್ಯಾಸ್ಪದವೆನಿಸಿದರೂ ಮೊದಲ ತಪ್ಪು ಇಲ್ಲಿಯೇ ಆಗುತ್ತದೆ. ‘ಅನ್‌ಆರ್ಮ್ಡ್’ ಪದದ ನಡುವೆ ಒಂದು ‘ಎಚ್’ ಸೇರಿದರೆ ‘ಅನ್‌ಹಾರ್ಮ್ಡ್’ ಆಗುತ್ತದೆ. ಅದರ ಅರ್ಥ ‘ಯಾವ ಅಪಾಯವೂ ಆಗದ, ಸುರಕ್ಷಿತವಾಗಿರುವ’ ಎಂದು. ಒತ್ತೆಯಾಳುಗಳನ್ನು ಸುರಕ್ಷಿತವಾಗಿ ಬಿಡುಗಡೆ ಮಾಡಲಾಯಿತು ಎಂಬ ಸುದ್ದಿ ‘ಒತ್ತೆಯಾಳುಗಳನ್ನು ನಿರಾಯುಧರಾಗಿ ಬಿಡುಗಡೆ ಮಾಡಲಾಯಿತು’ ಎಂದು ಅನುವಾದವಾದರೆ ಒತ್ತೆಯಾಳುಗಳ ಬಳಿ ಮೊದಲು ಬಂದೂಕು ಇತ್ತೇ ಎಂದು ಓದುಗರು ಕೇಳುತ್ತಾರೆ. ಅಕಾರ–ಹಕಾರಗಳನ್ನು ಅದಲುಬದಲು ಮಾಡುವ ನಮ್ಮ ಬಾಯಿ, ಪದವನ್ನು ಕೇಳಿ ಬರೆದುಕೊಳ್ಳುವಾಗ ಈ ಗೊಂದಲವನ್ನು ಇನ್ನಷ್ಟು ಸಲೀಸು ಮಾಡುತ್ತದೆ.

ಎರಡನೆಯ ಜೋಡಿ ‘ಅನ್‌ಮ್ಯಾನ್ಡ್’. ಅದು ಮಾನವರಹಿತ, ಇದು ಶಸ್ತ್ರರಹಿತ. ಡ್ರೋನ್‌ಗಳ ಸುದ್ದಿಯಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಬರಬಹುದು. ಭಾರತೀಯ ನೌಕಾಪಡೆ 2020ರಲ್ಲಿ ಗುತ್ತಿಗೆಗೆ ಪಡೆದ ‘ಸೀ ಗಾರ್ಡಿಯನ್’ ಡ್ರೋನ್‌ಗಳು ಮಾನವರಹಿತವೂ ಹೌದು, ಶಸ್ತ್ರರಹಿತವೂ ಹೌದು: ಅವು ಸಮುದ್ರದ ಮೇಲಿನ ನಿಗಾ ಕೆಲಸಕ್ಕೆ ಮಾತ್ರ ಬಂದವು. ಡ್ರೋನ್ ಎಂದ ಮೇಲೆ ಒಳಗೆ ಪೈಲಟ್ ಇರುವುದಿಲ್ಲ ಎಂಬುದು ಓದುಗರಿಗೆ ಗೊತ್ತಿದೆ. ಕ್ಷಿಪಣಿ ಇರಲಿಲ್ಲ ಎಂಬುದೇ ಅಲ್ಲಿನ ಸುದ್ದಿ, ಅದನ್ನೇ ಬಿಟ್ಟುಬಿಡಬಾರದು.

ಮೂರನೆಯದು ‘ಆರ್ಮ್‌ಲೆಸ್’. ಇದರ ಅರ್ಥ ತೋಳುಗಳಿಲ್ಲದ ವ್ಯಕ್ತಿ, ಅಥವಾ ಕೈಯಾಸರೆ ಇಲ್ಲದ ಕುರ್ಚಿ. ಆಯುಧಕ್ಕೂ ತೋಳಿಗೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರವಿದ್ದರೂ ಎರಡೂ ಬೇರೆ ಬೇರೆ ಮೂಲದ ಪದಗಳು. ಮೊದಲನೆಯದು ಲ್ಯಾಟಿನ್ನಿನಿಂದ ಬಂದದ್ದು, ಎರಡನೆಯದು ಜರ್ಮಾನಿಕ್ ಬಳಗದ್ದು. ಉಚ್ಚಾರದಲ್ಲಿ ‘ಆರ್ಮ್ಡ್’ ಒಂದೇ ಉಸಿರಿನ ಪದ, ‘ಆರ್ಮೆಡ್’ ಅಲ್ಲ ಎಂಬುದನ್ನು ಸುದ್ದಿ ಓದುವವರು ನೆನಪಿಡಬೇಕು.

ಹಂತ 2: ಯಾವ ನಾಮಪದದ ಮುಂದೆ ಬಂದಿದೆ ನೋಡಿ

ಮನುಷ್ಯರ ಮುಂದೆ ಬಂದಾಗ ಮಾತ್ರ ‘ನಿರಾಯುಧ’ ಸಲ್ಲುತ್ತದೆ. ಉಳಿದ ಕಡೆ ಪದ ಬೇರೆಯದೇ ಆಗಬೇಕು.

ಕ್ಷಿಪಣಿ ಅಥವಾ ಬಾಂಬಿನ ವಿಷಯದಲ್ಲಿ ‘ನಿರಾಯುಧ ಕ್ಷಿಪಣಿ’ ಎಂದು ಬರೆದರೆ ಅದು ಅಸಂಬದ್ಧ, ಏಕೆಂದರೆ ಕ್ಷಿಪಣಿಯೇ ಒಂದು ಆಯುಧ. 2022ರ ಮಾರ್ಚ್ 9ರಂದು ಭಾರತದಿಂದ ಆಕಸ್ಮಿಕವಾಗಿ ಹಾರಿದ ಕ್ಷಿಪಣಿಯೊಂದು ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಾಗ ಇಂಗ್ಲಿಷ್ ವರದಿಗಳು ಅದನ್ನು ‘ಅನ್‌ಆರ್ಮ್ಡ್’ ಎಂದು ಕರೆದವು. ಅದರಲ್ಲಿ ಸಿಡಿತಲೆ ಇರಲಿಲ್ಲ ಎಂಬುದು ಆ ಮಾತಿನ ಅರ್ಥ. ಇಂಥ ಕಡೆ ‘ಸಿಡಿತಲೆ ಇಲ್ಲದ ಕ್ಷಿಪಣಿ’ ಎಂದೇ ಬರೆಯಿರಿ. ಬಾಂಬಿನ ಪ್ರಸಂಗದಲ್ಲಿ ಇನ್ನೂ ಒಂದು ಅರ್ಥವಿದೆ: ಸ್ಫೋಟಕ ಒಳಗೇ ಇರಬಹುದು, ಆದರೆ ಸಿಡಿಯುವ ವ್ಯವಸ್ಥೆಯನ್ನು ಸಜ್ಜುಗೊಳಿಸಿರುವುದಿಲ್ಲ. ಈ ಎರಡರ ನಡುವಿನ ಅಂತರ ಜೀವ ಉಳಿಯುವ–ಹೋಗುವ ಅಂತರವಾದ್ದರಿಂದ, ಮೂಲದಲ್ಲಿ ಸ್ಪಷ್ಟವಿಲ್ಲದಿದ್ದರೆ ಊಹಿಸಿ ಬರೆಯಬಾರದು.

ಕಳ್ಳರು ನುಗ್ಗಿದರೆ ಸದ್ದು ಮಾಡುವ, ಕಟ್ಟಡಗಳ ಎಚ್ಚರಿಕೆ ಗಂಟೆಯ ಕೈಪಿಡಿಯಲ್ಲಿ ಈ ಪದ ಬಂದರೆ ‘ಚಾಲನೆಯಲ್ಲಿಲ್ಲದ’ ಎಂದರ್ಥ. ವಿಮಾನದ ಬಾಗಿಲುಗಳ ವಿಷಯದಲ್ಲಿ ‘ಆರ್ಮ್’ ಮಾಡುವುದೆಂದರೆ ಬಾಗಿಲು ತೆರೆದೊಡನೆ ತುರ್ತು ಜಾರುಪಟ್ಟಿ ತಾನಾಗಿ ಉಬ್ಬಿಕೊಳ್ಳುವಂತೆ ಸಜ್ಜುಗೊಳಿಸುವುದು. ಅಲ್ಲಿ ಆಯುಧದ ಸುಳಿವೇ ಇಲ್ಲ.

ಸಸ್ಯಶಾಸ್ತ್ರದಲ್ಲಿ ಮುಳ್ಳೇ ಗಿಡದ ಆಯುಧ. ‘ಅನ್‌ಆರ್ಮ್ಡ್’ ಕಾಂಡವೆಂದರೆ ಮುಳ್ಳಿಲ್ಲದ ಕಾಂಡ. ಮದರಂಗಿಯ ಶಾಸ್ತ್ರೀಯ ಹೆಸರಾದ ‘ಲಾಸೋನಿಯಾ ಇನರ್ಮಿಸ್’ನಲ್ಲಿರುವ ಎರಡನೆಯ ಪದವೂ ಇದೇ ಅರ್ಥದ ಲ್ಯಾಟಿನ್ ಪದ, ಬಲಿತ ಗಿಡದ ರೆಂಬೆಗಳ ತುದಿ ಮುಳ್ಳಿನಂತೆ ಮೊನಚಾಗುವುದುಂಟು ಎಂಬುದು ಬೇರೆ ಮಾತು. ಪ್ರಾಣಿಶಾಸ್ತ್ರದಲ್ಲಿ ದನದ ಮಾಂಸದಿಂದ ಹರಡುವ ಲಾಡಿಹುಳುವಿಗೆ ಈ ವಿಶೇಷಣವಿದೆ, ಏಕೆಂದರೆ ಅದರ ತಲೆಯಲ್ಲಿ ಕೊಕ್ಕೆಗಳಿಲ್ಲ. ವಿಜ್ಞಾನದ ಪಠ್ಯದಲ್ಲಿ ‘ನಿರಾಯುಧ ಲಾಡಿಹುಳು’ ಎಂದು ಕಂಡರೆ ಅನುವಾದಕರು ಎರಡನೆಯ ಹಂತವನ್ನು ಹಾರಿಸಿದ್ದಾರೆ ಎಂದು ತಿಳಿಯಬಹುದು.

ಹುದ್ದೆಗಳ ಹೆಸರೂ ಇದೇ ಗುಂಪಿಗೆ ಸೇರುತ್ತವೆ. ಗುಜರಾತಿನ ಪೊಲೀಸ್ ನೇಮಕಾತಿಯಲ್ಲಿ ‘ಅನ್‌ಆರ್ಮ್ಡ್’ ಎಂಬುದು ಒಂದು ವಿಭಾಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಹತ್ತಿರವಾದದ್ದು ‘ಸಿವಿಲ್’ ಪೊಲೀಸ್, ಅದರ ಎದುರಿಗೆ ಸಶಸ್ತ್ರ ಮೀಸಲು ಪಡೆ ಇದೆ. ಗುಜರಾತಿನ ಆ ವಿಭಾಗದ ಸಿಬ್ಬಂದಿ ಗುಂಡು ಹಾರಿಸಿದರು ಎಂಬ ಸುದ್ದಿಯಲ್ಲಿ ‘ನಿರಾಯುಧ ಪೊಲೀಸರು ಗುಂಡು ಹಾರಿಸಿದರು’ ಎಂದು ಬರೆದರೆ ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ವಿಭಾಗದ ಹೆಸರನ್ನು ಹೆಸರಾಗಿಯೇ ಉಳಿಸಿ.

ಹಂತ 3: ಯಾವ ಆಯುಧ ಇರಲಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಕನ್ನಡದ ‘ಆಯುಧ’ ಬಹಳ ವಿಶಾಲವಾದ ಪದ. ಆಯುಧಪೂಜೆಯ ದಿನ ಲಾರಿ, ಹೊಲಿಗೆ ಯಂತ್ರ, ಲೆಕ್ಕದ ಪುಸ್ತಕಕ್ಕೂ ಕುಂಕುಮ ಬೀಳುತ್ತದೆ. ಇಂಗ್ಲಿಷಿನಲ್ಲಿ ವ್ಯಾಪ್ತಿ ಇದಕ್ಕಿಂತ ಕಿರಿದು, ಮೇಲಾಗಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಬ್ರಿಟನ್ನಿನ ಬಹುಪಾಲು ಪೊಲೀಸರನ್ನು ‘ಅನ್‌ಆರ್ಮ್ಡ್’ ಎನ್ನುವಾಗ ಅವರ ಬಳಿ ಬಂದೂಕು ಇಲ್ಲ ಎಂದಷ್ಟೇ ಅರ್ಥ. ಅವರ ಸೊಂಟದಲ್ಲಿ ಲಾಠಿ ಇರುತ್ತದೆ, ಕಣ್ಣುರಿಸುವ ಸ್ಪ್ರೇ ಇರುತ್ತದೆ, ಕೆಲವರ ಬಳಿ ವಿದ್ಯುದಾಘಾತ ನೀಡುವ ಟೇಸರ್ ಕೂಡ ಇರುತ್ತದೆ. ‘ಬಂದೂಕು ಹೊಂದಿರದ ಪೊಲೀಸರು’ ಎಂಬುದೇ ಇಲ್ಲಿ ಸರಿಯಾದ ಅನುವಾದ. ಬ್ಯಾಂಕು, ಅಪಾರ್ಟ್‌ಮೆಂಟುಗಳ ಕಾವಲುಗಾರರ ಟೆಂಡರ್ ಪತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿ ಕೈಯಲ್ಲಿ ದೊಣ್ಣೆ ಹಿಡಿದು ನಿಂತವನೂ ‘ಅನ್‌ಆರ್ಮ್ಡ್ ಗಾರ್ಡ್’ ಎನಿಸಿಕೊಳ್ಳುತ್ತಾನೆ.

ಭಾರತದ ಅಪರಾಧ ವರದಿಗಳಲ್ಲಿ ಗೆರೆ ಬೇರೆ ಕಡೆ ಬೀಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 189ನೆಯ ಕಲಮಿನ 4ನೆಯ ಉಪಕಲಮು, ಮಾರಕಾಯುಧವನ್ನಷ್ಟೇ ಅಲ್ಲದೆ, ಆಕ್ರಮಣದ ಆಯುಧವಾಗಿ ಬಳಸಿದರೆ ಸಾವು ತರಬಲ್ಲ ಯಾವುದೇ ವಸ್ತುವನ್ನು ಹಿಡಿದು ಅಕ್ರಮ ಕೂಟದಲ್ಲಿ ಸೇರುವುದನ್ನೂ ಶಿಕ್ಷಾರ್ಹಗೊಳಿಸುತ್ತದೆ. ಹಾಗಾಗಿ ಮಚ್ಚು ಹಿಡಿದ ಗುಂಪಿನ ಬಳಿ ಬಂದೂಕಿಲ್ಲ ಎಂಬ ಕಾರಣಕ್ಕೆ ಅದನ್ನು ನಿರಾಯುಧ ಗುಂಪು ಎನ್ನುವಂತಿಲ್ಲ. ಹಾಗೆಯೇ ತೆಂಗಿನ ಗರಿ ಕಡಿಯಲು ಮಚ್ಚು ಹೆಗಲಿಗೇರಿಸಿ ಹೊರಟ ರೈತನನ್ನು ಕೇವಲ ಮಚ್ಚಿನ ಕಾರಣಕ್ಕೆ ಸಶಸ್ತ್ರ ಎಂದು ಬಣ್ಣಿಸುವುದೂ ತಪ್ಪು. ಮೂಲದಲ್ಲಿ ವಸ್ತುವಿನ ಹೆಸರಿದ್ದರೆ ಅದನ್ನೇ ಕೊಡಿ: ‘ಕೈಯಲ್ಲಿ ದೊಣ್ಣೆಗಳಿದ್ದವು, ಬಂದೂಕುಗಳಿರಲಿಲ್ಲ’ ಎಂದು ಬರೆದರೆ ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಇದೇ ಹಂತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಯುಧ ಇಲ್ಲದಿರುವುದೂ ಇದ್ದ ಆಯುಧವನ್ನು ಬಳಸದಿರುವುದೂ ಒಂದೇ ಅಲ್ಲ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯ ಸಂಘರ್ಷದಲ್ಲಿ ಭಾರತದ 20 ಯೋಧರು ಹುತಾತ್ಮರಾದ ಬಳಿಕ, ಯೋಧರನ್ನು ನಿರಾಯುಧರಾಗಿ ಕಳಿಸಿದ್ದು ಏಕೆ ಎಂಬ ಪ್ರಶ್ನೆಯನ್ನು ರಾಹುಲ್ ಗಾಂಧಿ ಎತ್ತಿದರು. ಗಡಿಯಲ್ಲಿರುವ ಯೋಧರು ಸದಾ ಆಯುಧ ಹೊಂದಿರುತ್ತಾರೆ, ಅಂದೂ ಹೊಂದಿದ್ದರು, ಆದರೆ 1996 ಮತ್ತು 2005ರ ಒಪ್ಪಂದಗಳ ಪ್ರಕಾರ ಮುಖಾಮುಖಿಯ ವೇಳೆ ಬಂದೂಕು ಬಳಸದಿರುವುದು ರೂಢಿ ಎಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಉತ್ತರಿಸಿದರು. ಇಡೀ ವಾದ ನಿಂತದ್ದೇ ಈ ವ್ಯತ್ಯಾಸದ ಮೇಲೆ. ಅನುವಾದದಲ್ಲಿ ‘ಆಯುಧ ಬಳಸದೆ’ ಎಂಬುದನ್ನು ‘ಆಯುಧವಿಲ್ಲದೆ’ ಎಂದು ಬದಲಿಸಿಬಿಟ್ಟರೆ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ತುರುಕಿದಂತಾಗುತ್ತದೆ.

ಹಂತ 4: ಆಯುಧ ಮೊದಲಿನಿಂದ ಇರಲಿಲ್ಲವೇ, ಆಮೇಲೆ ಹೋಯಿತೇ?

‘ಅನ್‌ಆರ್ಮ್ಡ್’ ಒಂದು ಸ್ಥಿತಿಯನ್ನು ಹೇಳುತ್ತದೆ, ‘ಡಿಸ್‌ಆರ್ಮ್ಡ್’ ಆ ಸ್ಥಿತಿಗೆ ತಂದ ಕ್ರಿಯೆಯನ್ನು ಹೇಳುತ್ತದೆ. ಇವೆರಡನ್ನೂ ನಮ್ಮವರು ‘ನಿಶ್ಶಸ್ತ್ರ’ ಎಂಬ ಒಂದೇ ಪದದಲ್ಲಿ ಸುತ್ತಿಬಿಡುತ್ತಾರೆ.

ಮಹಾಭಾರತ ಗೊತ್ತಿರುವವರಿಗೆ ಈ ಭೇದ ಹೊಸದೇನಲ್ಲ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಸಾರಥಿಯಾಗಿ ಬಂದ ಕೃಷ್ಣ ನಿರಾಯುಧ. ಮಗ ಸತ್ತನೆಂದು ನಂಬಿ ಬಿಲ್ಲನ್ನು ಕೆಳಗಿಟ್ಟ ದ್ರೋಣ ಶಸ್ತ್ರ ತ್ಯಜಿಸಿದವನು. ಚಕ್ರವ್ಯೂಹದಲ್ಲಿ ಅಭಿಮನ್ಯುವಿನ ಬಿಲ್ಲನ್ನೂ ಕತ್ತಿ–ಗುರಾಣಿಗಳನ್ನೂ ಎದುರಾಳಿಗಳು ಕಡಿದು ಹಾಕಿ, ಅವನು ರಥದ ಗಾಲಿಯನ್ನೇ ಎತ್ತಿಕೊಳ್ಳುವಂತೆ ಮಾಡಿದರು. ಅಲ್ಲಿ ನಡೆದದ್ದು ನಿರಾಯುಧಗೊಳಿಸುವ ಕೆಲಸ. ಈ ಮೂರರಲ್ಲಿ ಮೊದಲನೆಯದು ಮಾತ್ರ ‘ಅನ್‌ಆರ್ಮ್ಡ್’ ಪದದ ಸಹಜ ನೆಲೆ. ಎರಡನೆಯದಕ್ಕೆ ‘ಆಯುಧ ಕೆಳಗಿಟ್ಟ’, ಮೂರನೆಯದಕ್ಕೆ ‘ಆಯುಧ ಕಿತ್ತುಕೊಳ್ಳಲಾದ’ ಅಥವಾ ‘ನಿರಾಯುಧಗೊಳಿಸಲಾದ’ ಎಂದು ಬಿಡಿಸಿ ಬರೆಯಿರಿ.

ಪೊಲೀಸ್ ಕಾರ್ಯಾಚರಣೆಯ ವರದಿಗಳಲ್ಲಿ ಈ ಭೇದಕ್ಕೆ ಬಹಳ ಬೆಲೆಯಿದೆ. ಆರೋಪಿಯ ಬಳಿ ಆಯುಧವೇ ಇರಲಿಲ್ಲವೋ, ಪಿಸ್ತೂಲನ್ನು ಕಸಿದುಕೊಂಡ ಮೇಲೆ ಗುಂಡು ಹಾರಿತೋ ಎಂಬುದು ಮುಂದೆ ತನಿಖೆಯ ವಿಷಯವಾಗಬಹುದು. ಅಂದ ಹಾಗೆ ‘ಡಿಸ್‌ಆರ್ಮಿಂಗ್’ ನಗು ಎಂಬುದಕ್ಕೆ ಆಯುಧದ ಪದವನ್ನು ಬಳಸಲೇಬೇಡಿ. ಎದುರಿನವರ ಬಿಗುವನ್ನು ಸಡಿಲಿಸುವ ನಗು ಎಂದರೆ ಸಾಕು.

ಹಂತ 5: ಕನ್ನಡ ಪದವನ್ನು ಆರಿಸಿ

ಈಗ ಪದಕ್ಕೆ ಬರಬಹುದು. ವ್ಯಕ್ತಿಗಳ ವಿಷಯದಲ್ಲಿ ನನ್ನ ಮೊದಲ ಆಯ್ಕೆ ‘ನಿರಾಯುಧ’. ಓದುಗರಿಗೆ ಪರಿಚಿತ, ಕಾಗುಣಿತ ಸುಲಭ, ನಿರಾಯುಧ–ನಿರಾಯುಧಳು–ನಿರಾಯುಧರು ಎಂದು ಸರಾಗವಾಗಿ ಬಾಗುತ್ತದೆ.

‘ನಿಶ್ಶಸ್ತ್ರ’ ಸೇನೆ ಮತ್ತು ರಾಜತಾಂತ್ರಿಕತೆಯ ಸಂದರ್ಭಗಳಿಗೆ ಹೆಚ್ಚು ಒಪ್ಪುತ್ತದೆ. ಜಮ್ಮು–ಕಾಶ್ಮೀರದ ಕದನವಿರಾಮ ರೇಖೆಯ ಮೇಲೆ ಕಣ್ಣಿಡಲು 1949ರಲ್ಲಿ ಬಂದ ವಿಶ್ವಸಂಸ್ಥೆಯ ವೀಕ್ಷಕರನ್ನು ನಿಶ್ಶಸ್ತ್ರ ಸೇನಾ ವೀಕ್ಷಕರು ಎನ್ನಬಹುದು. ಅವರು ಸಮವಸ್ತ್ರದ ಸೇನಾಧಿಕಾರಿಗಳಾದ್ದರಿಂದ ‘ನಾಗರಿಕ ವೀಕ್ಷಕರು’ ಎಂದು ಬದಲಿಸುವುದು ತಪ್ಪು. ಈ ಪದದ ತೊಂದರೆ ಕಾಗುಣಿತದ್ದು. ‘ನಿಶ್ಶಸ್ತ್ರ’ ಅಥವಾ ‘ನಿಃಶಸ್ತ್ರ’ ಎಂಬ ರೂಪಗಳು ಸರಿ. ‘ನಿಶಸ್ತ್ರ’, ‘ನಿಶ್ಯಸ್ತ್ರ’ ಎಂದು ಕಂಡರೆ ತಿದ್ದಬೇಕು. ಒಂದು ಲೇಖನದಲ್ಲಿ ಯಾವ ರೂಪವನ್ನು ಹಿಡಿದಿರೋ ಕೊನೆಯವರೆಗೂ ಅದನ್ನೇ ಬಳಸಿ.

‘ಬರಿಗೈ’ ಅಚ್ಚಗನ್ನಡದ ಸೊಗಸಾದ ಪದವಾದರೂ ಇಲ್ಲೊಂದು ಬಲೆಯಿದೆ. ‘ಅವನು ಬರಿಗೈಯಲ್ಲಿ ಬಂದ’ ಎಂದರೆ ನಮ್ಮ ಕಿವಿಗೆ ಮೊದಲು ಕೇಳಿಸುವುದು ಹಣ್ಣು–ಹೂವು ಏನನ್ನೂ ತರದೆ ಬಂದ, ಅಥವಾ ಹೋದ ಕೆಲಸವಾಗದೆ ಬಂದ ಎಂಬ ಅರ್ಥ. ಹೋರಾಟದ ಕ್ರಿಯಾಪದ ಜೊತೆಗಿದ್ದಾಗ ಮಾತ್ರ ‘ಬರಿಗೈ’ ನಿಲ್ಲುತ್ತದೆ: ‘ಬರಿಗೈಯಲ್ಲೇ ಚಿರತೆಯನ್ನು ಎದುರಿಸಿದ’ ಎಂಬಲ್ಲಿ ಗೊಂದಲವಿಲ್ಲ. ಸೈನಿಕ ತರಬೇತಿಯ ‘ಅನ್‌ಆರ್ಮ್ಡ್ ಕಾಂಬ್ಯಾಟ್’ ಎಂಬುದಕ್ಕೆ ‘ಬರಿಗೈ ಕಾಳಗ’ ಎನ್ನುವುದಕ್ಕಿಂತ ಒಳ್ಳೆಯ ಮಾತು ನನಗೆ ತೋಚಿಲ್ಲ.

ವಾಹನ, ಹಡಗು, ವಿಮಾನಗಳಿಗೆ ‘ಶಸ್ತ್ರರಹಿತ’ ಸಾಕು. ‘ಪರವಾನಗಿ ಇಲ್ಲದ ಆಯುಧ’ ಬೇರೆಯೇ ವಿಷಯ; ಅದನ್ನು ಇದರೊಂದಿಗೆ ಬೆರೆಸಬೇಡಿ.

ಹಂತ 6: ಇಲ್ಲದ ಅರ್ಥವನ್ನು ಸೇರಿಸಬೇಡಿ

ಕನ್ನಡ ಪತ್ರಿಕಾಭಾಷೆಯಲ್ಲಿ ‘ನಿರಾಯುಧ’ ಬಂದೊಡನೆ ‘ಅಮಾಯಕ’ವೂ ಬೆನ್ನಿಗೆ ಬರುವ ಚಾಳಿಯಿದೆ. ಆಯುಧವಿಲ್ಲದವನು ತಪ್ಪಿತಸ್ಥನಾಗಿರಬಹುದು, ಆಯುಧವಿದ್ದವನು ನಿರಪರಾಧಿಯಾಗಿರಬಹುದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವ ಅಧಿಕಾರ ಅನುವಾದಕರಿಗಿಲ್ಲ.

‘ಶಾಂತಿಯುತ’ ಎಂಬ ಪದವೂ ಪರ್ಯಾಯವಲ್ಲ. ಸಂವಿಧಾನದ 19(1)(ಬಿ) ವಿಧಿಯು ನಾಗರಿಕರಿಗೆ ಶಾಂತಿಯುತವಾಗಿಯೂ ಆಯುಧಗಳಿಲ್ಲದೆಯೂ ಸಭೆ ಸೇರುವ ಹಕ್ಕನ್ನು ನೀಡುತ್ತದೆ. ಎರಡೂ ಒಂದೇ ಆಗಿದ್ದರೆ ಎರಡು ಷರತ್ತುಗಳನ್ನು ಹಾಕಬೇಕಾಗಿರಲಿಲ್ಲ. ಕಲ್ಲು, ದೊಣ್ಣೆ ಯಾವುದೂ ಇಲ್ಲದೆ ಬಂದ ಗುಂಪು ಕೈಯಿಂದಲೇ ಬಡಿದಾಡಬಹುದು. 1930ರ ಮೇ 21ರಂದು ಗುಜರಾತಿನ ಧಾರಾಸನಾದ ಉಪ್ಪಿನ ಕೋಠಿಯತ್ತ ನಡೆದ ಸತ್ಯಾಗ್ರಹಿಗಳು ಲಾಠಿ ಏಟು ಬೀಳುತ್ತಿದ್ದರೂ ತಡೆಯಲು ಕೈ ಎತ್ತಲಿಲ್ಲ. ಅವರ ಬಗ್ಗೆ ಬರೆಯುವಾಗ ‘ನಿಶ್ಶಸ್ತ್ರ’ವೂ ಬೇಕು, ‘ಅಹಿಂಸಾತ್ಮಕ’ವೂ ಬೇಕು, ಒಂದನ್ನು ಬಿಟ್ಟರೆ ನಡೆದದ್ದರ ಅರ್ಧ ಕಾಣೆಯಾಗುತ್ತದೆ.

ಯಾರು ಹೇಳಿದರು ಎಂಬುದನ್ನೂ ಉಳಿಸಿಕೊಳ್ಳಿ. ‘ಯುವಕ ನಿರಾಯುಧನಾಗಿದ್ದ’ ಎಂಬುದು ವರದಿಗಾರನ ನಿರ್ಣಯ. ‘ಯುವಕ ನಿರಾಯುಧನಾಗಿದ್ದ ಎಂದು ಕುಟುಂಬದವರು ಹೇಳಿದ್ದಾರೆ’ ಎಂಬುದು ಹೇಳಿಕೆ. ಇಂಗ್ಲಿಷ್ ಪ್ರತಿಯ ಕೊನೆಯಲ್ಲಿ ಅಲ್ಪವಿರಾಮದ ನಂತರ ಬರುವ ಈ ಹೇಳಿಕೆಯ ಮೂಲ ಕನ್ನಡ ವಾಕ್ಯರಚನೆಯಲ್ಲಿ ಉದುರಿಹೋಗುವುದು ತುಂಬ ಸುಲಭ.

ಹಂತ 7: ವಾಕ್ಯದಲ್ಲಿ ಜಾಗ ನೋಡಿ ಕೂರಿಸಿ

ಇಷ್ಟೆಲ್ಲ ಸರಿಯಾದ ಮೇಲೂ ಪದ ತಪ್ಪು ಜಾಗದಲ್ಲಿ ಕೂತರೆ ಅರ್ಥ ತಿರುವುಮುರುವಾಗುತ್ತದೆ. ಈ ವಾಕ್ಯವನ್ನು ನೋಡಿ: ‘ಪೊಲೀಸರು ನಿರಾಯುಧರಾಗಿ ನಿಂತಿದ್ದ ಜನರ ಮೇಲೆ ಲಾಠಿ ಬೀಸಿದರು.’ ಮೊದಲ ಎರಡು ಪದಗಳನ್ನು ಓದುವ ಹೊತ್ತಿಗೆ ಪೊಲೀಸರೇ ನಿರಾಯುಧರು ಎಂಬ ಭಾವನೆ ಮೂಡಿ, ‘ಜನರ’ ಎಂಬಲ್ಲಿಗೆ ಬಂದಾಗ ಓದುಗರು ಹಿಂದಕ್ಕೆ ಹೋಗಬೇಕಾಗುತ್ತದೆ. ಕರ್ತೃವನ್ನು ಕ್ರಿಯಾಪದದ ಹತ್ತಿರಕ್ಕೆ ತಂದರೆ ಸಾಕು: ‘ನಿರಾಯುಧರಾಗಿ ನಿಂತಿದ್ದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು.’

ಶೀರ್ಷಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ‘ನಿರಾಯುಧ ಪೊಲೀಸರ ಗುಂಡಿಗೆ ಯುವಕ ಬಲಿ’ ಎಂಬುದಕ್ಕೂ ‘ಪೊಲೀಸರ ಗುಂಡಿಗೆ ನಿರಾಯುಧ ಯುವಕ ಬಲಿ’ ಎಂಬುದಕ್ಕೂ ಬಳಸಿದ ಪದಗಳು ಅವೇ, ಆದರೆ ಮೊದಲನೆಯದರಲ್ಲಿ ಆಯುಧವಿಲ್ಲದವರು ಗುಂಡು ಹಾರಿಸಿದ್ದಾರೆ.

‘ನಿರಾಯುಧನಾದ’ ಎಂಬ ರೂಪವನ್ನು ಆದಷ್ಟು ಬಿಡಿ. ಅದು ‘ನಿರಾಯುಧನಾಗಿರುವ’ ಎಂದೂ ‘ಆಯುಧ ಕಳೆದುಕೊಂಡ’ ಎಂದೂ ಕೇಳಿಸುವುದರಿಂದ ನಾಲ್ಕನೆಯ ಹಂತದಲ್ಲಿ ಬಿಡಿಸಿದ ಗಂಟು ಮತ್ತೆ ಬೀಳುತ್ತದೆ. ‘ನಿರಾಯುಧನಾಗಿದ್ದ’ ಎಂದರೆ ಅನುಮಾನಕ್ಕೆ ಎಡೆಯಿಲ್ಲ.

ಹಂತ 8: ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ

ಸ್ವರದಿಂದ ಶುರುವಾಗುವ ಪದವಾದ್ದರಿಂದ ಇದಕ್ಕೆ ಮೊದಲು ‘ಎ’ ಬಾರದು, ‘ಆ್ಯನ್’ ಬರಬೇಕು. ‘ವೆರಿ ಅನ್‌ಆರ್ಮ್ಡ್’, ‘ಮೋರ್ ಅನ್‌ಆರ್ಮ್ಡ್’ ಎಂಬ ಪ್ರಯೋಗಗಳು ತಪ್ಪು, ಏಕೆಂದರೆ ಇದು ಹೆಚ್ಚು–ಕಡಿಮೆ ಎಂದು ಅಳೆಯುವ ಗುಣವಲ್ಲ. ಒತ್ತು ಬೇಕಿದ್ದರೆ ‘ಕಂಪ್ಲೀಟ್ಲಿ’ ಸೇರಿಸಬಹುದು. ‘ಆರ್ಮ್ಡ್ ವಿತ್ ಎ ನೈಫ್’ ಎಂಬುದನ್ನು ನೋಡಿ ‘ಅನ್‌ಆರ್ಮ್ಡ್ ವಿತ್ ಎ ನೈಫ್’ ಎಂದು ಬರೆಯುವವರಿದ್ದಾರೆ; ಚಾಕು ಇರಲಿಲ್ಲ ಎನ್ನಬೇಕಾದರೆ ಅದನ್ನೇ ನೇರವಾಗಿ ಹೇಳಬೇಕು. ‘ಅವನ ಬಳಿ ಆಯುಧ ಇರಲಿಲ್ಲ’ ಎಂಬುದನ್ನು ಪದಕ್ಕೆ ಪದವಾಗಿ ತಿರುಗಿಸಿ ‘ಹಿ ಹ್ಯಾಡ್ ನೋ ಆರ್ಮ್ಸ್’ ಎಂದರೆ, ಓದುವವರಿಗೆ ಕೈಗಳಿಲ್ಲದ ಮನುಷ್ಯ ಕಾಣಿಸುತ್ತಾನೆ. ‘ಹಿ ವಾಸ್ ಅನ್‌ಆರ್ಮ್ಡ್’ ಎಂಬುದು ಚಿಕ್ಕದೂ ಹೌದು, ಸುರಕ್ಷಿತವೂ ಹೌದು.

ಪ್ರತಿ ಕಳಿಸುವ ಮೊದಲು ಕಾಣಬೇಕಾದ ಎಚ್ಚರಿಕೆಯ ಚಿಹ್ನೆಗಳು

‘ನಿರಾಯುಧ’ ಇರುವ ವಾಕ್ಯವನ್ನು ಗಟ್ಟಿಯಾಗಿ ಓದಿ. ಅದೇ ವಾಕ್ಯದಲ್ಲಿ ಆ ವ್ಯಕ್ತಿ ಗುಂಡು ಹಾರಿಸಿದ್ದರೆ, ಅಥವಾ ಅವನಿಂದ ಚಾಕು ವಶಪಡಿಸಿಕೊಂಡಿದ್ದರೆ, ಎರಡನೆಯ ಅಥವಾ ನಾಲ್ಕನೆಯ ಹಂತದಲ್ಲಿ ಏನೋ ತಪ್ಪಿದೆ. ‘ನಿರಾಯುಧ’ ಪದವು ಯಂತ್ರದ ಅಥವಾ ಗಿಡದ ಮುಂದೆ ಕೂತಿದ್ದರೆ ಎರಡನೆಯ ಹಂತಕ್ಕೆ ಹಿಂದಿರುಗಿ. ಬಿಡುಗಡೆ, ಅಪಘಾತ, ರಕ್ಷಣೆಯ ಸುದ್ದಿಯಲ್ಲಿ ಅದು ಕಾಣಿಸಿಕೊಂಡರೆ ಮೂಲದ ಪದದಲ್ಲಿ ‘ಎಚ್’ ಇತ್ತೇ ಎಂದು ನೋಡಿ. ಮೂಲವನ್ನು ಪೂರ್ತಿ ಓದಿದ ಮೇಲೂ ಯಾವ ಆಯುಧ, ಯಾರ ಹೇಳಿಕೆ ಎಂಬುದು ತಿಳಿಯದಿದ್ದರೆ, ಬರಿದೆ ‘ನಿರಾಯುಧ’ ಎಂದಿಟ್ಟು, ಹೇಳಿಕೆಯ ಮೂಲ ಸಿಕ್ಕಿಲ್ಲ ಎಂಬ ಸೂಚನೆಯನ್ನು ಪ್ರತಿಯ ಅಂಚಿನಲ್ಲಿ ಬರೆದು ಸಂಪಾದಕರಿಗೆ ಒಪ್ಪಿಸಿ.